ರೆಕ್ಕೆಯ ನೆರಳಿನ ಕುರಿ

೧೯೫೮ರ ಬೇಸಿಗೆಯಲ್ಲಿ ಉಡುತಡಿಯ ಹೊರಗಿನ ಬಯಲಿಗೆ ಒಂದು ಸಣ್ಣ ವಿಮಾನ ಬಂದಿಳಿಯಿತು. ಯುದ್ಧ ಬಂದರೆ ವಿಮಾನನೆಲೆಯನ್ನು ನೆಲದ ದಾಳಿಯಿಂದ ಕಾಯುವುದು ಹೇಗೆಂದು ಸೈನಿಕರು ಅಲ್ಲಿ ಅಭ್ಯಾಸ ಮಾಡಬೇಕಿತ್ತು. ಅವರಲ್ಲೇ ಐವರು ಶತ್ರುಗಳಾಗಿ ಬಂದು, ಸಂಜೆ ಐದರೊಳಗೆ ವಿಮಾನದ ಮೇಲೆ ಸೀಮೆಸುಣ್ಣದ ಗೀಟು ಎಳೆದರೆ ಗೆದ್ದಂತೆ.

ಕ್ಯಾಪ್ಟನ್ ನಕ್ಷೆ ನೋಡಿ, ಶತ್ರು ಕಾಡಿನ ಕಡೆಯಿಂದಲೇ ಬರತಕ್ಕದ್ದೆಂದು ತೀರ್ಮಾನಿಸಿದರು. ಮುಳ್ಳುತಂತಿ, ಮರಳಿನ ಮೂಟೆ, ಬಂದೂಕು ಎಲ್ಲವೂ ಅತ್ತ ಹೋದವು. ಊರ ಕಡೆ ಉಳಿದದ್ದು ‘ಅನ್ಯರಿಗೆ ಪ್ರವೇಶವಿಲ್ಲ’ ಎಂಬ ಹಲಗೆ ಮತ್ತು ಆನಂದಪ್ಪನೆಂಬ ಸಿಪಾಯಿ.

ಹಲಗೆ ಓದಲು ಬಾರದ ಕುರಿಯೊಂದು ಮಧ್ಯಾಹ್ನವೇ ವಿಮಾನದ ರೆಕ್ಕೆಯ ಕೆಳಗೆ ಮಲಗಿ ಈಯತೊಡಗಿತ್ತು. ಆ ಬಯಲಿನಲ್ಲಿ ಬೇರೆ ನೆರಳಿರಲಿಲ್ಲ. ಮರಿಯ ಕಾಲು ಅಡ್ಡ ಸಿಕ್ಕಿದೆ, ಎಬ್ಬಿಸಿದರೆ ಎರಡು ಜೀವವೂ ಹೋಗುತ್ತವೆ ಎಂದಳು ಸುತ್ತ ಮೇಯುತ್ತಿದ್ದ ಮಂದೆಯ ಒಡತಿ ದುರುಗಮ್ಮ. ಕುರಿಗಳನ್ನೆಲ್ಲ ಹೊರಗಟ್ಟಬೇಕೆಂದು ಕ್ಯಾಪ್ಟನ್ನರ ಅಪ್ಪಣೆ. ಆನಂದಪ್ಪ ತನ್ನ ನೀರಿನ ಬಾಟಲಿಯನ್ನು ಅವಳ ಪಕ್ಕದಲ್ಲಿಟ್ಟು, ಏನೂ ಕಾಣದವನಂತೆ ಹಲಗೆಯ ಹತ್ತಿರ ಹೋಗಿ ನಿಂತ.

ನಾಲ್ಕೂವರೆಗೆ ಶತ್ರುಗಳು ಬಂದರು. ಶಿರಾಳಕೊಪ್ಪದ ಸಂತೆಯಲ್ಲಿ ಕೊಂಡ ಹೊಸ ಕಂಬಳಿಯನ್ನು ಮುಖ ಮರೆಯಾಗುವಂತೆ ಕೊಪ್ಪೆ ಹಾಕಿ, ಎಂಟು ಕುರಿ ಹೊಡೆದುಕೊಂಡು ಬಂದ ಐವರನ್ನು ಆನಂದಪ್ಪ ದುರುಗಮ್ಮನ ಮನೆಯವರೆಂದುಕೊಂಡು ಒಳಗೆ ಬಿಟ್ಟ. ಅವರು ನೇರ ಅವಳ ಮಂದೆಯೊಳಗೇ ನುಗ್ಗಿದರು.

ಬೇರೆಯವರ ಮಂದೆ ಕಂಡರೆ ದೂರದಲ್ಲೇ ತಮ್ಮ ಕುರಿಗಳನ್ನು ತಡೆದು, ಯಾರದೆಂದು ಕೂಗಿ ಕೇಳುವುದು ಕುರಿಗಾರರ ಪದ್ಧತಿ. ಕೇಳದೆ ಬೆರೆಸುವವರು ಕಳ್ಳರು ಮಾತ್ರ.

“ಕುರಿ ಕದಿಯಾಕೆ ಬಂದಾರೆ,” ಎಂದಳು ದುರುಗಮ್ಮ. ಮರಿಯ ಕಾಲಿನಿಂದ ಕೈ ತೆಗೆಯದೆ ನಾಯಿಗಳಿಗೆ ಶಿಳ್ಳೆ ಹಾಕಿದಳು.

ನಾಯಿಗಳು ಅಟ್ಟಿದ ರಭಸಕ್ಕೆ ಐದು ನಿಮಿಷದಲ್ಲಿ ಶತ್ರುಪಡೆಯೆಲ್ಲ ಕಾಡಿನ ಕಡೆಯ ಮರಳಿನ ಮೂಟೆಗಳ ಮೇಲೆ ಹತ್ತಿ ಕುಳಿತು, ಕಾಪಾಡಿ ಎಂದು ಕ್ಯಾಪ್ಟನ್ನರನ್ನು ಬೇಡಿಕೊಂಡಿತು.

ಕ್ಯಾಪ್ಟನ್ ವರದಿ ಬರೆಸಿದರು: ಕಾಡಿನ ಕಡೆಯ ಕಾವಲು ಎಷ್ಟು ಬಿಗಿಯಾಗಿತ್ತೆಂದರೆ ಶತ್ರು ಅತ್ತಲಿಂದ ಬರುವ ಧೈರ್ಯವನ್ನೇ ಮಾಡಲಿಲ್ಲ. ಐದಕ್ಕೆ ವಿಮಾನ ಹಾರಬೇಕೆಂಬುದು ಆಮೇಲೆ ನೆನಪಾಯಿತು. ರೆಕ್ಕೆಯ ಬಳಿ ಬಂದು, ಈಗಲಾದರೂ ಕುರಿಯನ್ನು ಎಬ್ಬಿಸು ಎಂದರು.

“ತಲೆ ಕಾಣ್ತೈತ್ರೀ,” ಎಂದಳು ದುರುಗಮ್ಮ. “ನಿಮ್ಮ ಇಮಾನ ನಾಳೆನೂ ಹಾರ್ತೈತಿ. ಇದು ಈಗ್ಲೇ ಹುಟ್ಟಬೇಕು.”

ಇಳಿಬಿಸಿಲು ರೆಕ್ಕೆಯ ಕೆಳಗೆ ನುಸುಳಿ ಕುರಿಯ ಮುಖಕ್ಕೆ ಹೊಡೆಯುತ್ತಿತ್ತು. ಕ್ಯಾಪ್ಟನ್ ಕುಕ್ಕರುಗಾಲಲ್ಲಿ ಕುಳಿತು, ತಮ್ಮ ಟೋಪಿ ತೆಗೆದು ಬಿಸಿಲಿಗೆ ಅಡ್ಡ ಹಿಡಿದರು.

ಮರಿ ಎದ್ದು ನಿಲ್ಲುವಷ್ಟರಲ್ಲಿ ಆರು ಗಂಟೆ. ವರದಿಗೆ ಇನ್ನೊಂದು ಸಾಲು ಸೇರಿತು: ರಕ್ಷಣಾ ಕಾರಣಗಳಿಂದ ಹಾರಾಟ ತಡವಾಯಿತು.