ಡಾಲರನ ಪಾಲಿನ ಮಾಂಸ

ಶರಣಮ್ಮನ ಊರಿನಲ್ಲಿ ನಾಯಿಗಳು ಹಾಕಿದ್ದನ್ನು ತಿನ್ನುತ್ತಿದ್ದವು, ಹಾಕದಿದ್ದರೆ ಹುಡುಕಿಕೊಂಡು ತಿನ್ನುತ್ತಿದ್ದವು. ಊಟಕ್ಕೆ ಮುನಿಸಿಕೊಳ್ಳುವ ನಾಯಿಯನ್ನು ಅವಳು ಕಂಡದ್ದು ಸಂತೆಕಟ್ಟೆಯ ಉಮಾನಾಥ ಶೆಟ್ಟರ ಮನೆಯಲ್ಲೇ ಮೊದಲು. ಶೆಟ್ಟರು ಹದಿನೆಂಟು ವರ್ಷ ದುಬೈಯಲ್ಲಿ ದುಡಿದು ಬಂದವರು. ಅವರ ಅಲ್ಸೇಶಿಯನ್ ನಾಯಿಯ ಹೆಸರು ಡಾಲರ್. ಅಂಗಡಿಯ ಪ್ಯಾಕೆಟ್ ಕಾಳು ಹಾಕಿದರೆ ಮೂಸಿ ಮುಖ ತಿರುಗಿಸುತ್ತಿತ್ತು, ಹಾಲು ಅನ್ನ ಕಲಸಿಟ್ಟರೆ ಹಾಲು ನೆಕ್ಕಿ ಅನ್ನ ಬಿಡುತ್ತಿತ್ತು. ಮೈಯ ಕೂದಲು ಉದುರಿ ಬೆನ್ನು ಹರಿದ ಕಂಬಳಿಯಂತಾಗಿತ್ತು.

ಎರಡು ಸಾವಿರದ ಮೂರನೇ ಇಸವಿಯ ನವೆಂಬರಿನಲ್ಲಿ, ನಿಟ್ಟೆಯ ಹಾಸ್ಟೆಲಿನಲ್ಲಿದ್ದು ಇಂಜಿನಿಯರಿಂಗ್ ಓದುತ್ತಿದ್ದ ಶೆಟ್ಟರ ಮಗ ಹರ್ಷಿತ್ ಕಂಪ್ಯೂಟರಿನಿಂದ ತೆಗೆದ ನಾಲ್ಕು ಹಾಳೆ ತಂದ. ನಾಯಿಗೆ ಬೇಯಿಸಿದ್ದು ಹಾಕಲೇಬಾರದಂತೆ. ಹಸಿ ಕೋಳಿ, ಹಸಿ ಲಿವರ್, ಹಸಿ ಎಲುಬು. ತಿನ್ನದಿದ್ದರೆ ಮೂರು ದಿನ ಉಪವಾಸ ಕೆಡವಿದರೆ ತಾನಾಗಿ ಹಾದಿಗೆ ಬರುತ್ತದಂತೆ. ಇಷ್ಟು ಹೇಳಿ ಅವನು ನಿಟ್ಟೆಯ ಬಸ್ಸು ಹತ್ತಿದ. ಹೇಳುವವನಿಗೇನು, ಮಾಡುವವರು ಬೇರೆ ಇದ್ದರು.

ಶೆಟ್ಟರು ಅದೇ ವಾರ ಶಬರಿಮಲೆಗೆ ಮಾಲೆ ಹಾಕಿದ್ದರು. ಮಾಲೆ ಹಾಕಿದ ಮನೆಯೊಳಗೆ ಮೊಟ್ಟೆಯ ಸಿಪ್ಪೆ ಕೂಡ ಬರುವ ಹಾಗಿಲ್ಲ. ಹಾಗಾದರೆ ಹಸಿ ಮಾಂಸ ಇಡುವುದೆಲ್ಲಿ? ಶೆಟ್ಟರ ಹೆಂಡತಿ ಸುಗಂಧಿಗೆ ತಲೆ ಕೆಡಿಸಿಕೊಳ್ಳುವಂಥದ್ದೇನೂ ಕಾಣಲಿಲ್ಲ. ಹಳೆಯ ಫ್ರಿಜ್ಜನ್ನು ಹಿತ್ತಿಲ ಕೋಣೆಗೆ ಹೊರಿಸಿದರು. ಆ ಕೋಣೆಯಲ್ಲಿ ಇದ್ದವರು ಮನೆಗೆಲಸದ ಶರಣಮ್ಮ ಮತ್ತು ಅವಳ ಮಗಳು ಸವಿತಾ.

“ಅಮ್ಮಾರ, ನಾವು ಲಿಂಗವಂತ ಮಂದಿ ಅದೀವ್ರಿ. ಮುಟ್ಟೂದಿಲ್ರಿ,” ಎಂದಳು ಶರಣಮ್ಮ.

“ನಿನಗೆ ತಿನ್ನಲಿಕ್ಕೆ ಯಾರು ಹೇಳಿದ್ದು? ಕತ್ತರಿಸಿ ಹಾಕುವುದಷ್ಟೇ. ಮನೆಯಲ್ಲಿ ಮಾಲೆ ಹಾಕಿದ ಸ್ವಾಮಿ ಇದ್ದಾರೆ, ನಾನು ಮುಟ್ಟಲಿಕ್ಕೆ ಆಗ್ತದಾ?” ಎಂದರು ಸುಗಂಧಿ. “ಘಟ್ಟದ ಮೇಲಿನವರಿಗೆ ಅದೆಲ್ಲ ಎಂತ ಉಂಟು ಮಾರಾಯ್ತಿ?”

ಒಬ್ಬರ ಮಡಿ ಉಳಿಯಬೇಕಾದರೆ ಇನ್ನೊಬ್ಬರದು ಕೆಡಬೇಕು, ಲೆಕ್ಕ ಸರಿಯಾಗಿಯೇ ಇತ್ತು. ಆಗುವುದಿಲ್ಲ ಎಂದು ಗಂಟು ಕಟ್ಟಿಕೊಂಡು ಹೊರಡಬಹುದಿತ್ತು. ಆದರೆ ಸವಿತಾಳಿಗೆ ಮಾರ್ಚಿನಲ್ಲಿ ಹತ್ತನೇ ಕ್ಲಾಸಿನ ಪರೀಕ್ಷೆ. ಕಟ್ಟಡದ ಕೆಲಸದಲ್ಲಿ ಗಂಡ ಬಿದ್ದು ಸತ್ತ ಮೇಲೆ ತಾಯಿ ಮಗಳು ಒಂದು ವರ್ಷ ಹೈವೇ ಬದಿಯ ತಗಡಿನ ಶೆಡ್ಡಿನಲ್ಲಿದ್ದವರು. ಅಲ್ಲಿ ದೀಪವಿಲ್ಲ, ಬಾಗಿಲಿಗೆ ಚಿಲಕವಿಲ್ಲ, ಹುಡುಗಿ ಒಂಬತ್ತನೇ ಕ್ಲಾಸಿನ ಅರ್ಧವಾರ್ಷಿಕದಲ್ಲಿ ಎರಡು ವಿಷಯ ಫೇಲಾಗಿದ್ದಳು. ಈ ಕೋಣೆ ಸಿಕ್ಕಿದ್ದು ಸೆಪ್ಟೆಂಬರಿನಲ್ಲಿ. ಅಂದಿನಿಂದ ಹುಡುಗಿ ಪುಸ್ತಕ ಕೆಳಗಿಟ್ಟಿರಲಿಲ್ಲ. ಮಾರ್ಚ್ ಮುಗಿಯುವ ತನಕ ಈ ಸೂರು ತಪ್ಪಬಾರದು, ಶರಣಮ್ಮನಿಗೆ ಬೇಕಾದದ್ದು ಅಷ್ಟೇ.

ದಿನಾ ಬೆಳಿಗ್ಗೆ ಕೋಳಿ ಅಂಗಡಿಗೆ ಹೋಗಿ ಅರ್ಧ ಕಿಲೋ ತರುತ್ತಿದ್ದಳು. ಕತ್ತರಿಸಲು ಕೂರುವ ಮುಂಚೆ ಎದೆಯ ಮೇಲಿನ ಲಿಂಗವನ್ನು ಬೆನ್ನಿನ ಕಡೆಗೆ ಸರಿಸಿ ಸೆರಗು ಹೊದೆಯುತ್ತಿದ್ದಳು, ಶಿವ ನೋಡದಿರಲಿ ಎಂದು. ಆಮೇಲೆ ಸೀಗೆಪುಡಿ ಹಾಕಿ ಕೈ ತಿಕ್ಕಿ ತಿಕ್ಕಿ ಚರ್ಮ ಸುಲಿಯಿತು.

ಇಷ್ಟು ಮಾಡಿದರೂ ಡಾಲರ್ ತಿಂದರೆ ತಾನೇ! ಮೂಸಿತು, ಒಮ್ಮೆ ನೆಕ್ಕಿತು, ಸೀನಿತು, ಎದ್ದು ಹೋಯಿತು. ಉಪವಾಸದ ಮೂರನೇ ದಿನ ಸಂಜೆ ಅದು ಶರಣಮ್ಮನ ಬಾಗಿಲಿಗೆ ಬಂದು ಹೊಸ್ತಿಲ ಮೇಲೆ ಗದ್ದವಿಟ್ಟು ಮಲಗಿತು. ಒಳಗೆ ಜೋಳದ ರೊಟ್ಟಿ ಬೇಯುತ್ತಿತ್ತು. ಬಾಯಿಲ್ಲದ ಜೀವದ ಹೊಟ್ಟೆ ಬೆನ್ನಿಗೆ ಹತ್ತಿತ್ತು. ಒಂದು ರೊಟ್ಟಿ ಮುರಿದು ಮೊಸರಿನಲ್ಲಿ ಅದ್ದಿ ಇಟ್ಟಳು. ತಟ್ಟೆ ಫಳಫಳ ಹೊಳೆಯುವ ಹಾಗೆ ತಿಂದಿತು.

ಅಂದಿನಿಂದ ಡಾಲರನ ಊಟ ರೊಟ್ಟಿ, ಮೊಸರು, ಬೇಯಿಸಿದ ಬೇಳೆ. ಮಾಂಸ? ರಸ್ತೆಗೆ ಎಸೆದರೆ ಬೀದಿನಾಯಿಗಳು ಬಂದು ಗುಟ್ಟು ರಟ್ಟಾಗುತ್ತದೆ. ಹಿತ್ತಿಲ ಪಶ್ಚಿಮದ ಮೂಲೆಯಲ್ಲಿ ಬಳ್ಳಿ ಹೆಣೆದುಕೊಂಡ ಒಂದು ಪೊದೆಕಾಡಿತ್ತು, ಅತ್ತ ಯಾರೂ ಕತ್ತಿ ಹಿಡಿದು ಹೋಗುತ್ತಿರಲಿಲ್ಲ. ಅದರ ಅಂಚಿನ ಮೆತ್ತನೆಯ ಮಣ್ಣಿನಲ್ಲಿ ದಿನಾ ಹೂಳತೊಡಗಿದಳು.

ತಿಂಗಳೊಳಗೆ ನಾಯಿ ಮೈ ತುಂಬಿಕೊಂಡಿತು, ಹೊಸ ಕೂದಲು ಬಂತು. ಸುಗಂಧಿ ಹೋದಲ್ಲಿ ಬಂದಲ್ಲಿ ಹಸಿ ಮಾಂಸದ ಮಹಿಮೆ ಹೇಳಿದ್ದೇ ಹೇಳಿದ್ದು. ಅದನ್ನು ಕೇಳಿ, ಸಂಕ್ರಾಂತಿಗೆ ವಾರವಿರುವಾಗ, ಕಾಪುವಿನಿಂದ ಅವರ ಗೆಳತಿ ಪುಷ್ಪಾವತಿ ನೋಡಲಿಕ್ಕೆಂದೇ ಬಂದರು. ಅವರ ಮನೆಯಲ್ಲೂ ಊಟ ಬಿಟ್ಟ ನಾಯಿ ಇತ್ತು.

ಶರಣಮ್ಮ ಕೋಳಿಯ ತಟ್ಟೆ ತಂದಿಟ್ಟಳು. ಡಾಲರ್ ತಟ್ಟೆಯನ್ನು ದಾಟಿಕೊಂಡು ಹೋಯಿತು. ನೇರ ಹಿತ್ತಿಲ ಕೋಣೆಗೆ ನುಗ್ಗಿ, ಬುಟ್ಟಿಯಿಂದ ರೊಟ್ಟಿಯೊಂದನ್ನು ಕಚ್ಚಿಕೊಂಡು ಬಂದು, ಎಲ್ಲರ ಎದುರಿಗೆ ಅವಳ ಕಾಲ ಬಳಿ ಕೂತು ತಿಂದಿತು.

ಪುಷ್ಪಾವತಿ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಕ್ಕರು. ಸುಗಂಧಿಯ ಮುಖ ಕಪ್ಪಿಟ್ಟಿತು. ಗೆಳತಿ ಬಸ್ಸು ಹತ್ತುವವರೆಗೆ ತಡೆದುಕೊಂಡು, ಆಮೇಲೆ ಶೆಟ್ಟರ ಎದುರಿಗೆ ಶರಣಮ್ಮನನ್ನು ನಿಲ್ಲಿಸಿದರು.

“ಎರಡು ತಿಂಗಳು ದಿನಾ ಅರ್ಧ ಕಿಲೋ ಮಾಂಸ. ನಾಯಿ ತಿನ್ನಲಿಲ್ಲ. ಹಾಗಾದರೆ ಎಲ್ಲಿಗೆ ಹೋಯಿತು? ನೀನೂ ಮಗಳೂ ಬೇಯಿಸಿ ತಿಂದದ್ದಾ?”

ಶರಣಮ್ಮನ ಕಿವಿಯೊಳಗೆ ಕಾಯಿಸಿದ ಎಣ್ಣೆ ಹೊಯ್ದಂತಾಯಿತು. ಇಲ್ಲವೆಂದು ಬಾಯಿ ತೆರೆಯುವಷ್ಟರಲ್ಲಿ ಶೆಟ್ಟರು ಮೆಲ್ಲಗೆ ಹೇಳಿದರು. ಕಪ್ಪು ಪಂಚೆ, ಕೊರಳಲ್ಲಿ ಮಾಲೆ. ಅವರು ಜೋರು ಮಾತಾಡುವವರಲ್ಲ.

“ತಿಂದಿದ್ದರೆ ತಿಂದೆ ಅಂತ ಹೇಳು. ಹಸಿವು ಯಾರಿಗಿಲ್ಲ? ಅದಕ್ಕೆ ಕ್ಷಮೆ ಉಂಟು. ಹಿತ್ತಿಲಲ್ಲಿ ಎಲ್ಲಾದರೂ ಎಸೆದಿದ್ದರೆ ಮಾತ್ರ ಕಷ್ಟ. ಆ ಮೂಲೆಯ ಪೊದೆ ಉಂಟಲ್ಲ, ಅದು ನಮ್ಮ ನಾಗನ ಬನ. ಒಳಗೆ ಅಜ್ಜನ ಕಾಲದ ಕಲ್ಲುಗಳುಂಟು. ಅಲ್ಲಿ ಮಾಂಸ ಬಿದ್ದಿದೆ ಅಂತಾದರೆ ತಂತ್ರಿಗಳನ್ನು ಕರೆಸಿ ಶುದ್ಧ ಮಾಡಿಸಬೇಕು. ಹಾಗೆ ಮಾಡಿದವರನ್ನು ಮತ್ತೆ ಒಂದು ಗಳಿಗೆ ಇಲ್ಲಿ ಇಟ್ಟುಕೊಳ್ಳಲಿಕ್ಕೆ ಆಗುವುದಿಲ್ಲ.”

ಶರಣಮ್ಮ ಎರಡು ತಿಂಗಳು ಹೂಳಿದ್ದು ಅಲ್ಲೇ. ಅವಳ ಊರಿನಲ್ಲಿ ನಾಗಪ್ಪನೆಂದರೆ ಹುತ್ತ, ಬೇವಿನ ಕಟ್ಟೆಯ ಕಲ್ಲು. ಪಂಚಮಿಗೆ ತಪ್ಪದೆ ಹಾಲೆರೆದವಳು ಅವಳು. ಪೊದೆಯೊಳಗೆ ದೇವರಿರುತ್ತಾನೆಂದು ಅವಳಿಗೆ ಯಾರು ಹೇಳಿದ್ದರು? ಈ ಮನೆಗೆ ಬಂದದ್ದೇ ಪಂಚಮಿ ಕಳೆದ ಮೇಲೆ. ಅತ್ತ ದರಿ, ಇತ್ತ ಪುಲಿ. ನಿಜ ಹೇಳಿದರೆ ಸಂಜೆಯೊಳಗೆ ಹೈವೇ ಬದಿಯ ಶೆಡ್ಡು. ಸುಳ್ಳು ಹೇಳಿದರೆ ಹುಟ್ಟಿದಾಗಿನಿಂದ ಕಾಯ್ದುಕೊಂಡು ಬಂದದ್ದು ಮಣ್ಣುಪಾಲು. ಸವಿತಾ ಬಾಗಿಲಲ್ಲಿ ಪುಸ್ತಕ ಹಿಡಿದು ನಿಂತಿದ್ದಳು.

ಶರಣಮ್ಮನ ಕೈ ತಾನಾಗಿ ಎದೆಯ ಲಿಂಗದ ಮೇಲೆ ಹೋಯಿತು.

“ಹೌದ್ರಿ ಯಜಮಾನ್ರ,” ಎಂದಳು. “ತಿಂದೇವ್ರಿ.”

“ಆವತ್ತು ಎಂತೆಂತ ಹೇಳಿದ್ದಳು, ಮುಟ್ಟುವುದಿಲ್ಲವಂತೆ,” ಎಂದರು ಸುಗಂಧಿ.

“ಬಿಡು, ಬಡವರು,” ಎಂದರು ಶೆಟ್ಟರು.

ಮರುದಿನ ಬೆಳಿಗ್ಗೆ ಅವಳು ತನ್ನ ಚಹಾದ ಹಾಲನ್ನು ಬನದ ಅಂಚಿಗೆ ಎರೆದು, ತಪ್ಪಾಯಿತು ನಾಗಪ್ಪಾ ಎಂದು ಹಣೆ ನೆಲಕ್ಕೆ ಹಚ್ಚಿ ಬಂದಳು.

ಸಂಕ್ರಾಂತಿ ಕಳೆಯಿತು. ಶೆಟ್ಟರು ಶಬರಿಮಲೆಯಿಂದ ಬಂದು ಮಾಲೆ ತೆಗೆದರು. ಭಾನುವಾರ ಆ ಮನೆಯಲ್ಲಿ ಎರಡು ತಿಂಗಳ ನಂತರ ಕೋಳಿ ಬೆಂದಿತು. ಸುಗಂಧಿ ತಾವೇ ಒಂದು ಬಟ್ಟಲು ತುಂಬ ಕೋಳಿ ಗಸಿ ಹಿಡಿದು ಹಿತ್ತಿಲಿಗೆ ಬಂದರು. ಅವರ ಸಿಟ್ಟೂ ಇಳಿದಿತ್ತು.

“ಇಕೊ ಶರಣಮ್ಮ, ಬಿಸಿ ಉಂಟು. ಇನ್ನು ಮೇಲೆ ಬೇಕಾದರೆ ಕೇಳಿ ತೆಗೆದುಕೋ. ನಾಚಿಕೆ ಎಂತದು?”

ಶರಣಮ್ಮ ಎರಡೂ ಕೈ ಚಾಚಿ ತೆಗೆದುಕೊಂಡಳು. “ಭಾಳ ಚಲೋ ಆತ್ರಿ ಅಮ್ಮಾರ,” ಎಂದಳು. ಅವರು ಮನೆಯೊಳಗೆ ಹೋದದ್ದನ್ನು ನೋಡಿ ಬಟ್ಟಲನ್ನು ಡಾಲರನ ಮುಂದಿಟ್ಟಳು. ಅದು ಮೂಸಿ, ಮುಖ ತಿರುಗಿಸಿ, ರೊಟ್ಟಿಯ ಬುಟ್ಟಿಯನ್ನು ನೋಡುತ್ತಾ ಕೂತಿತು.

ಸವಿತಾಳ ಕಣ್ಣು ತುಂಬಿತ್ತು. “ಯವ್ವಾ, ತಿಂದೇವಿ ಅಂತ ಯಾಕ ಒಪ್ಕೊಂಡಿ? ನಾವು ತಿಂದಿಲ್ಲಲ್ಲ?”

“ಮಾರ್ಚ್ ತನಕ ತಿಂದೇವಿ,” ಎಂದಳು ಶರಣಮ್ಮ. “ಏಪ್ರಿಲ್‌ದಾಗ ತಿಂದಿಲ್ಲ ಅಂತ ಹೇಳೂಣು. ಓದಕೋ ಹೋಗು.”