ಬಾಯಿಗಿಡುವ ಹರಳು

ಆಬಿದ್ ಮಾಮು ತಮ್ಮ ಉಂಗುರದ ಹರಳನ್ನು ಚಾಕುವಿನ ತುದಿಯಿಂದ ಮೀಟಿ ಎಬ್ಬಿಸಲು ಹೋಗಿ ಹೆಬ್ಬೆರಳು ಕುಯ್ದುಕೊಂಡರು. ರಕ್ತ ಚೀಪುತ್ತಲೇ, ಗಂಡನನ್ನು ಆಗಷ್ಟೇ ಕಳೆದುಕೊಂಡ ಅಕ್ಕನ ಮೇಲೆ ಹರಿಹಾಯ್ದರು.

"ಜೀವಮಾನವೆಲ್ಲ ಅಕೀಕ್ ಹರಳು ಮಾರಿದ ಮನುಷ್ಯ! ಅವರ ಬಾಯಿಗಿಡೋಕೆ ಮನೇಲಿ ಒಂದು ಹರಳಿಗೆ ಗತಿಯಿಲ್ಲ, ನಾನು ನನ್ನ ಉಂಗುರ ಕೀಳ್ಬೇಕು. ಹೊರಗೆ ಕೂತಿರೋರು ಏನಂದ್ಕೋಬೇಕು?"

"ಕೀಳು ಅಂತ ನಿನಗ್ಯಾರು ಹೇಳಿದ್ರು?" ಗೋಡೆಗೊರಗಿ ಕೂತಿದ್ದ ಖತೀಜಾ ಬೀ ತಲೆ ಎತ್ತಲಿಲ್ಲ. "ನನ್ನ ಬಾಯಲ್ಲಿ ಹರಳಿಡಬೇಡಿ ಅಂತ ನಿನ್ನ ಭಾವನೇ ಹೇಳಿ ಹೋಗಿದಾರೆ. ಯಾಕೆ ಅಂತ ಕೇಳಿದ್ರೆ ಗೋಡೆ ಕಡೆ ತಿರುಗ್ಕೊಂಡ್ರು."

"ಜ್ವರದಲ್ಲಿ ಏನೋ ಅಂದಿರ್ತಾರೆ ಬಿಡಿ ಆಪಾ."

ಅಲೀಪುರದ ಆ ಬೀದಿಯಲ್ಲಿ ಸತ್ತವರಿಗೆ ಕಫನ್ ಬಟ್ಟೆ ಸುತ್ತುವ ಮುಂಚೆ, ಇಮಾಮರ ಹೆಸರು ಕೆತ್ತಿದ ಕೆಂಪು ಅಕೀಕನ್ನು ನಾಲಿಗೆಯ ಕೆಳಗಿಡುವುದು ರೂಢಿ. ಗೋರಿಯೊಳಗೆ ದೇವದೂತರು ಕೇಳುವ ಪ್ರಶ್ನೆಗಳಿಗೆ ನಾಲಿಗೆ ತಡವರಿಸಬಾರದು, ಅದಕ್ಕೆ. ಕೂಲಿಯವನ ಮನೆಯಲ್ಲೂ ಅದೊಂದನ್ನು ಹೇಗೋ ಹೊಂದಿಸುತ್ತಾರೆ. ಊರಿಗೆಲ್ಲ ಹರಳು ಕೊಟ್ಟ ಬಾಕರ್ ಅಲಿ ಸಾಹೇಬರು ಬರಿಬಾಯಲ್ಲಿ ಹೋಗುವುದೆಂದರೆ! ಮಗ ಸಜ್ಜಾದನಿಗೆ ಹೊರಗೆ ಹೋಗಿ ಜನರ ಮುಖ ನೋಡುವ ಧೈರ್ಯವಾಗಲಿಲ್ಲ. ಅಪ್ಪನ ಹೆಸರು ಮೊದಲೇ ಕೆಟ್ಟಿತ್ತು. ಇದೊಂದು ಬಾಕಿಯಿತ್ತು.

ಹಿತ್ತಲಲ್ಲಿ ಪರದೆಯ ಹಿಂದೆ ಮೈ ತೊಳೆಯುವ ನೀರಿನ ಸದ್ದು ಕೇಳುತ್ತಿತ್ತು. ಸಜ್ಜಾದ್ ಅಪ್ಪನ ಜುಬ್ಬದ ಜೇಬಿನಿಂದ ಬೀಗದ ಕೈ ತೆಗೆದು ಬೀರು ತೆರೆದ. ಒಳಗೆ ಒಂದು ಬಿಸ್ಕತ್ತಿನ ಡಬ್ಬಿ. ಅಪ್ಪ ಬದುಕಿರುವವರೆಗೆ ಯಾರಿಗೂ ಮುಟ್ಟಲು ಕೊಟ್ಟದ್ದಲ್ಲ. ಮುಚ್ಚಳ ತೆಗೆದರೆ ಕಂಠಮಟ್ಟ ಕೆಂಪು ಹರಳು.

"ನೋಡಿ ಮಾಮು. ಇಷ್ಟು ಗುಡ್ಡೆ ಹಾಕ್ಕೊಂಡು ತನ್ನ ಬಾಯಿಗೆ ಬೇಡವಂತೆ. ಎಲ್ಲಾ ಮಾರೋಕೇ ಇಟ್ಟಿದ್ರು ಅಂತ ಕಾಣ್ಸುತ್ತೆ."

ಅಂದಮೇಲೆ ಅಮ್ಮಿಗೂ ಕೇಳಿಸಿತೆಂದು ತಿಳಿಯಿತು. ಅವಳು ಸೆರಗಿನಿಂದ ಮುಖ ಮುಚ್ಚಿಕೊಂಡಿದ್ದಳು.

*

ಫೋನಿನಲ್ಲಿ ಹರಳು ಮಾರುವ ಕಾಲ ಬಂದಮೇಲೆ ಯೆಮನ್ ದೇಶದಿಂದ ಬರುವ ಹಳೆಯ ಯಮನಿ ಅಕೀಕಿನ ಬೆಲೆ ಆಕಾಶಕ್ಕೇರಿತ್ತು. ಸಜ್ಜಾದ್ ಗೌರಿಬಿದನೂರಿನ ಅಂಗಡಿಯಲ್ಲಿ ಕೂತು ದುಬೈಯವರಿಗೆ ವಿಡಿಯೋದಲ್ಲಿ ಹರಳು ತೋರಿಸುತ್ತಿದ್ದ. ಒಂದೊಂದಕ್ಕೂ ಲ್ಯಾಬಿನ ಸರ್ಟಿಫಿಕೇಟು ಬೇರೆ. ವ್ಯಾಪಾರ ಬಿಟ್ಟು ಮನೆ ಹಿಡಿದಿದ್ದ ಅಪ್ಪ ಅದೇ ಹೊತ್ತಿಗೆ, ತಾವು ಹಿಂದೆ ಮಾರಿದ ಹರಳುಗಳನ್ನು ವಾಪಸು ಕೊಳ್ಳಲು ಹೊರಟರು. ಚಿಂತಾಮಣಿ, ಶಿಡ್ಲಘಟ್ಟ, ಚಿಕ್ಕಬಳ್ಳಾಪುರ, ಎಲ್ಲೆಲ್ಲಿ ಹಳೆಯ ಗಿರಾಕಿಗಳಿದ್ದರೋ ಅಲ್ಲಿಗೆಲ್ಲ ಬಸ್ಸು ಹತ್ತುವರು. ನೀವು ಅಂದು ಕೊಟ್ಟದ್ದಕ್ಕೆ ಇನ್ನಷ್ಟು ಸೇರಿಸಿ ಕೊಡ್ತೀನಿ, ಹರಳು ಕೊಟ್ಟುಬಿಡಿ ಎನ್ನುವರು. ಪೇಟೆಯ ಬೆಲೆ ಎಲ್ಲಿ, ಇವರು ಕೊಡುವುದೆಲ್ಲಿ! ಬಾಕರ್ ಸಾಹೇಬರಿಗೆ ಮುದಿವಯಸ್ಸಿನಲ್ಲಿ ಆಸೆ ಹತ್ತಿದೆ, ಪಾಪದವರನ್ನು ಮುಂಡಾಯಿಸುತ್ತಿದ್ದಾರೆ ಎಂದು ಊರು ಆಡಿಕೊಂಡಿತು.

ಸಕೀನಾ ಬೀ ಅಂತೂ ಬೀದಿಯಲ್ಲೇ ನಿಲ್ಲಿಸಿಕೊಂಡರು. ಅಪ್ಪನ ಗೆಳೆಯ ನಾಸಿರ್ ಹುಸೇನರ ಹೆಂಡತಿ. ಸಜ್ಜಾದ್ ಕೂಸಾಗಿದ್ದಾಗ ಅವನಿಗೆ ಹಾಲೂಡಿಸಿದವರು. "ಗಂಡ ಹೆಂಡ್ತಿ ಕರ್ಬಲಾ ಯಾತ್ರೆಗೆ ಹೋಗುವಾಗ ಜೋಡಿ ಮಾಡಿಸ್ಕೊಂಡ ಉಂಗುರ ಇದು. ಸತ್ತ ಗೆಳೆಯನ ಹೆಂಡ್ತಿ ಬೆರಳನ್ನೂ ಬಿಡಲ್ವಾ ನೀವು? ಥೂ ನಿಮ್ಮ!"

ಆ ದಿನ ಅಪ್ಪ ಊಟಕ್ಕೆ ಕೂತಾಗ ಸಜ್ಜಾದ್ ತಡೆಯಲಾರದೆ ಕೇಳಿದ್ದ. "ಅಬ್ಬಾ, ನಾನು ಅಂಗಡೀಲಿ ತಲೆ ಎತ್ಕೊಂಡು ಕೂರೋದು ಬೇಡ್ವಾ? ಮುದುಕೀರ ಕೈ ಬೋಳು ಮಾಡ್ಕೊಂಡು ತಿರುಗ್ತೀರಲ್ಲ, ನಾಚಿಕೆ ಆಗಲ್ವಾ ನಿಮಗೆ?"

"ಆಗುತ್ತೆ" ಅಂದರು ಅಪ್ಪ. ಅಷ್ಟೇ. ತಟ್ಟೆ ಎತ್ತಿಕೊಂಡು ಒಳಗೆ ಹೋದರು.

*

ತೊಂಡೇಬಾವಿಯ ವೆಂಕಟರವಣಪ್ಪ ಗುಲಾಬಿ ಹಾರ ಹಿಡಿದು ಸಾವಿನ ಮನೆಯ ಬಾಗಿಲಲ್ಲಿ ನಿಂತಿದ್ದ. ಬಾಕರ್ ಸಾಹೇಬರ ಹರಳಿಗೆಲ್ಲ ಸಾಣೆ ಹಿಡಿದವನು ಅವನೇ. "ನಿಮ್ಮಲ್ಲಿ ಹಾರ ಹಾಕ್ತಾರೋ ಇಲ್ವೋ ಗೊತ್ತಾಗ್ಲಿಲ್ಲ ಸಜ್ಜಾದಪ್ಪ. ಬರಿಗೈಲಿ ಬರೋಕೆ ಮನಸ್ಸಾಗ್ಲಿಲ್ಲ" ಎಂದು ಕಣ್ಣೊರೆಸಿಕೊಂಡ. ಆಮೇಲೆ ಸಜ್ಜಾದನ ಅಂಗೈಯಲ್ಲಿದ್ದ ಹರಳಿನ ಮೇಲೆ ಅವನ ಕಣ್ಣು ಬಿತ್ತು. ಡಬ್ಬಿಯಲ್ಲಿ ಹುಡುಕಿ, ಕೆತ್ತನೆಯಿದ್ದದ್ದನ್ನೇ ಸಜ್ಜಾದ್ ಆರಿಸಿಕೊಂಡಿದ್ದ.

"ಅದು ಡಬ್ಬೀದಾ? ಬೇಡ ಕಣಪ್ಪ. ಒಳಗಿಟ್ಟುಬಿಡು."

"ನೀವೂ ಬೇಡ ಅಂತೀರಾ! ಯಾಕೆ ಅಂತ ಮಾತ್ರ ಯಾರೂ ಹೇಳಲ್ಲ."

ವೆಂಕಟರವಣಪ್ಪ ಅತ್ತಿತ್ತ ನೋಡಿದ. ಡಬ್ಬಿ ತರಿಸಿಕೊಂಡು, ಸಜ್ಜಾದನ ರಟ್ಟೆ ಹಿಡಿದು ಪಕ್ಕದ ಸಂದಿಗೆ ಕರೆದೊಯ್ದ. ಡಬ್ಬಿಯಿಂದ ಕೆತ್ತನೆಯಿಲ್ಲದ ಒಂದು ಹರಳನ್ನು ಆರಿಸಿ, ಒಗೆಯುವ ಕಲ್ಲಿನ ಮೇಲಿಟ್ಟು ಗುಂಡುಕಲ್ಲಿನಿಂದ ಕುಟ್ಟಿದ. ಎರಡು ಹೋಳಾಯಿತು. ಮೇಲೆ ತೆಳ್ಳಗೆ ಕೆಂಪು, ಒಳಗೆಲ್ಲ ಕೊಬ್ಬರಿಯ ಹಾಗೆ ಬಿಳಿ.

ಸಜ್ಜಾದ್ ಕಲ್ಲಿನ ವ್ಯಾಪಾರಿ. ಅವನಿಗೆ ಹೆಚ್ಚು ಹೇಳಬೇಕಿರಲಿಲ್ಲ. "ಬಣ್ಣ ಕಟ್ಟಿದ್ದು" ಅಂದ.

"ಡಬ್ಬೀಲಿರೋದೆಲ್ಲಾ ಅದೇ, ವಾಪಸ್ ಕೊಂಡು ತಂದಿದ್ದು. ನೀನಾಗ ಸ್ಕೂಲಿಗೆ ಹೋಗ್ತಿದ್ದೆ. ಬೊಂಬಾಯಿ ದಲ್ಲಾಳಿ ಯಮನಿ ಕಲ್ಲು ಅಂತ ಒಂದು ಮೂಟೆ ತಲೆಗೆ ಕಟ್ಟಿದ. ನಿಮ್ಮಮ್ಮನ ಒಡವೆ ಎಲ್ಲಾ ಅದಕ್ಕೇ ಹೋಗಿತ್ತು. ಕೊಯ್ದು ನೋಡಿದ್ರೆ ಒಳಗೆ ಬಿಳೀದು. ಅಯ್ಯೋ ದೇವುಡಾ, ಸಾಯೇಬ್ರು ಅನ್ನ ನೀರು ಬಿಟ್ಟು ಕೂತ್ಬಿಟ್ರು. ಆಮೇಲೆ ಒಂದಿನ ಬಂದು, ರವಣಪ್ಪಾ, ಸಣ್ಣಸಣ್ಣಗೆ ಕೊಯ್ದು ಮತ್ತೆ ಬಣ್ಣಕ್ಕೆ ಹಾಕು ಅಂದ್ರು. ನಾನೇ ಹಾಕ್ದೆ. ನಂಬಿರೋ ಜನ, ತಗೊಂಡ್ರು. ಅದೊಂದೇ ಮೂಟೆ ಕಣಪ್ಪ, ಆಮೇಲೆ ಅಂಥದ್ದು ಮುಟ್ಟಲಿಲ್ಲ."

"ವಾಪಸ್ ತಗೊಳ್ಳುವಾಗ ನಿಜ ಹೇಳ್ಬೌದಿತ್ತಲ್ಲ! ಊರೆಲ್ಲ ಉಗೀತಿತ್ತು. ನಾನೂ ಉಗಿದೆ."

"ಹೇಳ್ಬೌದಿತ್ತು. ನಾಸಿರ್ ಸಾಯೇಬ್ರ ವಿಷಯ ಒಂದು ಇಲ್ದೇ ಹೋಗಿದ್ರೆ."

*

ನಾಸಿರ್ ಹುಸೇನರು ತೀರಿಕೊಂಡ ದಿನ ಸಕೀನಾ ಬೀ ಗಂಡನ ಬೆರಳಿನ ಉಂಗುರ ತೆಗೆದು, ಹರಳು ಬಿಡಿಸಿ, ಬಾಕರ್ ಸಾಹೇಬರ ಕೈಗಿಟ್ಟಿದ್ದರು. "ಭಾಯಿ, ನೀವು ಕೊಟ್ಟಿದ್ದು. ನಿಮ್ಮ ಕೈಯಿಂದಲೇ ಇಡಿ."

ಬಾಕರ್ ಸಾಹೇಬರು ಹೆಣದ ಮುಂದೆ ಹರಳು ಹಿಡಿದು ನಿಂತೇ ಇದ್ದರು. ಬೇರೆ ತರ್ತೀನಿ ಅಂದರೆ ಯಾಕೆ ಅಂತ ಕೇಳುತ್ತಾರೆ. ಕೊನೆಗೆ ಅಷ್ಟು ಜನರ ಮುಂದೆ ಮಗುವಿನ ಹಾಗೆ ಅತ್ತುಬಿಟ್ಟರು. ಗೆಳೆತನ ಅಂದರೆ ಇದಪ್ಪ ಎಂದು ನೋಡಿದವರೆಲ್ಲ ಲೊಚಗುಟ್ಟಿದರು. ಅವರು ಅಳುತ್ತಲೇ ಗೆಳೆಯನ ಬಾಯಿ ತೆರೆದು ಹರಳಿಟ್ಟರು.

ಮಣ್ಣು ಮುಗಿದ ಮೇಲೆ ಕೆರೆ ಏರಿಯ ಮೇಲೆ ಕೂತು ವೆಂಕಟರವಣಪ್ಪನಿಗೆ ಹೇಳಿದ್ದರು. "ಸುಳ್ಳು ಹರಳಿಟ್ಟು ನಾಸಿರನ ಬಾಯಿ ಕಟ್ಟಿಬಿಟ್ಟೆ ಕಣೋ. ಅಲ್ಲಿ ಕೇಳಿದ್ರೆ ಅವನು ಏನಂತ ಹೇಳ್ತಾನೆ? ಇದು ಸಕೀನಾಗೆ ಗೊತ್ತಾಗಬಾರ್ದು. ಉಳಿದೋರ ಬೆರಳಿಂದಾದ್ರೂ ಬಿಡಿಸ್ಕೊಂಡ್ಬಿಡ್ತೀನಿ, ಅವರು ಸಾಯೋದ್ರೊಳಗೆ."

*

ಸಜ್ಜಾದ್ ಒಳಗೆ ಬಂದು ತಾಯಿಯ ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತ. "ಅಬ್ಬಾ ಹೇಳಿದ ಹಾಗೇ ಆಗ್ಲಿ ಅಮ್ಮಿ. ಹರಳು ಬೇಡ. ಮಾಮು, ನಿಮ್ಮ ಉಂಗುರ ಹಾಕ್ಕೊಳ್ಳಿ."

"ಜನ?"

"ಜನ ನನಗೆ ಉಗೀಲಿ."

ಹಾಗೆ ಹೇಳುವಾಗ ಅವನಿಗೆ ಎಷ್ಟೋ ವರ್ಷಗಳ ಮೇಲೆ ಅಪ್ಪನ ಮಗ ಎನ್ನಿಸಿಕೊಂಡಂತಾಯಿತು. ಅದು ಹೆಚ್ಚು ಹೊತ್ತು ಉಳಿಯಲಿಲ್ಲ.

ಹೆಂಗಸರ ನಡುವೆ ದಾರಿ ಮಾಡಿಕೊಂಡು, ಗೋಡೆ ಹಿಡಿದು ಹಿಡಿದು, ಸಕೀನಾ ಬೀ ಬಂದರು. ನಿಲ್ಲಲಾರದೆ ಸಜ್ಜಾದನ ಹೆಗಲ ಮೇಲೆ ಕೈಯೂರಿದರು. ಇನ್ನೊಂದು ಮುಷ್ಟಿ ಬಿಚ್ಚಿದರು. ಒಳಗೆ ಅವರ ಉಂಗುರದಿಂದ ಬಿಡಿಸಿದ ಹರಳಿತ್ತು.

"ಮನೇಲಿ ಹರಳಿಲ್ಲವಂತೆ ಅಂತ ಆಚೆ ಮಾತಾಡ್ತಿದ್ರು. ಕೇಳಿ ಹೊಟ್ಟೆ ಉರೀತು ಮಗಾ. ಎಷ್ಟು ಸಲ ಬಂದು ಕೇಳಿದ್ರು ಭಾಯಿ! ನಾಯಿಗಿಂತ ಕಡೆಯಾಗಿ ಅಟ್ಟಿದೆ. ಬದುಕಿದ್ದಾಗ ಕೊಡ್ಲಿಲ್ಲ, ಈಗ್ಲಾದ್ರೂ ಇಡು. ನನ್ನ ಯಜಮಾನ್ರ ಬಾಯಲ್ಲಿರೋದು ಇದರ ಜೋಡಿ. ಅಲ್ಲಿ ಇಬ್ಬರೂ ಒಬ್ಬರನ್ನೊಬ್ಬರು ಗುರುತು ಹಿಡೀಲಿ."

"ಖಾಲಾ," ಅಂದ ಸಜ್ಜಾದ್, "ಬಾಯಿಗೇನೂ ಇಡಬೇಡಿ ಅಂತ ಅಬ್ಬಾನೇ ಹೇಳಿದಾರೆ."

"ಯಾಕಂತೆ?"

ಮಾಮು ಅವನನ್ನೇ ನೋಡುತ್ತಿದ್ದರು. ಅಮ್ಮಿಯೂ ತಲೆ ಎತ್ತಿದಳು. ವೆಂಕಟರವಣಪ್ಪ ಬಾಗಿಲಲ್ಲಿ ನೆಲ ನೋಡುತ್ತ ನಿಂತಿದ್ದ. ಸಜ್ಜಾದ್ ಬಾಯಿ ತೆರೆದ. ಒಂದು ಮಾತಿನ ಕೆಲಸ. ಆ ಒಂದು ಮಾತಿಗೆ ಈ ಮುದುಕಿ ಸಾಯುವವರೆಗೂ ಗಂಡನ ಗೋರಿಯನ್ನು ನೆನೆದು ನಿದ್ದೆಗೆಡುತ್ತಾಳೆ.

"ನಾನು ಬೈದೆನಲ್ಲ, ಅದಕ್ಕಾ?" ಸಕೀನಾ ಬೀ ಅವನ ಹೆಗಲು ಹಿಡಿದು ಅಲುಗಿಸಿದರು. "ಅದನ್ನೇ ಮನಸ್ಸಲ್ಲಿಟ್ಕೊಂಡು ಹೋದ್ರಾ ಭಾಯಿ? ನನಗೆ ಮಾಫಿ ಇಲ್ವಾ?"

"ಅಯ್ಯೋ, ಇಲ್ಲ ಖಾಲಾ. ಅದಲ್ಲ." ಸಜ್ಜಾದ್ ಕೈ ಚಾಚಿದ. "ಕೊಡಿ."

ಪರದೆಯ ಹಿಂದೆ ಮೈ ತೊಳೆದು ಮುಗಿದಿತ್ತು. ಅಪ್ಪನ ಮುಖ ಅವನು ಎಂದೂ ಕಂಡಿರದಷ್ಟು ಹಗುರವಾಗಿತ್ತು. ಸಜ್ಜಾದ್ ಹರಳನ್ನು ತೊಳೆದ. ಎಡಗೈಯಿಂದ ಗಲ್ಲ ಒತ್ತಿದ. ಬಾಯಿ ಸುಲಭವಾಗಿ ತೆರೆಯಲಿಲ್ಲ. ಕಫನ್ ಸುತ್ತಲು ಬಂದವರು, ಇನ್ನೂ ಸ್ವಲ್ಪ ಒತ್ತು ಅಂದರು. ಒತ್ತಿದ. "ಮಾಫ್ ಮಾಡಿ ಅಬ್ಬಾ" ಎಂದು ಯಾರಿಗೂ ಕೇಳದಂತೆ ಹೇಳಿ, ನಾಲಿಗೆ ಎತ್ತಿ, ಕೆಳಗೆ ಹರಳಿಟ್ಟ. ಗಲ್ಲಕ್ಕೆ ಬಟ್ಟೆ ಕಟ್ಟಿದ.

ಅವನು ಹೊರಗೆ ಬಂದಾಗ ಸಕೀನಾ ಬೀ ಪರದೆಯ ಬುಡದಲ್ಲೇ ಕಾಯುತ್ತಿದ್ದರು.

"ಇಟ್ಯಾ ಮಗಾ?"

"ಇಟ್ಟೆ ಖಾಲಾ."

"ನಿನ್ನ ಕೈಯಿಂದಲೇ?"

"ಹೂಂ."

ಮುದುಕಿ ಅವನ ಒದ್ದೆ ಬಲಗೈಯನ್ನು ತನ್ನ ಎರಡೂ ಕೈಗಳಲ್ಲಿ ಹಿಡಿದು ಹತ್ತಿರಕ್ಕೆ ಎಳೆದುಕೊಂಡು, ಮೊದಲು ಒಂದು ಕಣ್ಣಿಗೆ, ಆಮೇಲೆ ಇನ್ನೊಂದು ಕಣ್ಣಿಗೆ ಒತ್ತಿಕೊಂಡರು.