ಕಾಣದೆ ಹೋದ ಅರ್ಧ ಮುಖ

ಅಕ್ಕನ ಗಂಡನ ಗಂಟಲಿಗೆ ಕತ್ತಿ ಇಟ್ಟ ಗಳಿಗೆಯಲ್ಲೇ ಕ್ಷೌರಿಕನಿಗೆ ಆ ಮುಖದ ಎಡಭಾಗ ಕಾಣದಾಯಿತು. ಮೊದಲು ಕಣ್ಣು, ಆಮೇಲೆ ನೊರೆ ಹಚ್ಚಿದ ಕೆನ್ನೆ. ಆ ಜಾಗದಲ್ಲಿ ಗರಗಸದ ಹಲ್ಲಿನಂಥ ಬೆಳಕು ಮಿಣಮಿಣ ಕುಣಿಯುತ್ತಿತ್ತು. ಅವನು ಕೈ ಅಲ್ಲೇ ನಿಲ್ಲಿಸಿದ.

"ಯಾಕೋ ನಿಲ್ಲಿಸಿದೆ? ಅರ್ಧ ಬೋಳಿಸಿ ಕಳಿಸಿದ್ರೆ ನಿಮ್ಮಕ್ಕ ಮನೆಯೊಳಗೆ ಸೇರಿಸಲ್ಲ," ಎಂದು ಭಾವ ನಕ್ಕರು.

"ಭಾವ, ಅಲ್ಲಾಡಬೇಡಿ. ನನಗೆ ಕಾಣಿಸ್ತಿಲ್ಲ."

ಅಲಗು ಎಲ್ಲಿದೆಯೆಂದೇ ತಿಳಿಯದೆ, ಎಡಗೈಯಿಂದ ತಡವುತ್ತಾ ಅದನ್ನು ಹಿಂದಕ್ಕೆಳೆದ. ಅಷ್ಟರಲ್ಲಿ ತಲೆಯೊಳಗೆ ಸುತ್ತಿಗೆಯೇಟು ಶುರುವಾಗಿತ್ತು. ತಲೆನೋವು ಅವನಿಗೆ ಹೊಸದಲ್ಲ, ತಿಂಗಳಿಗೆ ಐದಾರು ಸಲ ಬರುತ್ತಿತ್ತು, ನುಂಗದ ಮಾತ್ರೆಯಿಲ್ಲ. ಆದರೆ ಕಣ್ಣಿಗೆ ಹೀಗಾದದ್ದು ಇದೇ ಮೊದಲು.

ಮರುದಿನ ಹೆಂಡತಿ ಅವನನ್ನು ಆಸ್ಪತ್ರೆಗೆ ಎಳೆದೊಯ್ದಳು. ಸ್ಕ್ಯಾನಿನಲ್ಲಿ ಗೆಡ್ಡೆಯೂ ಇಲ್ಲ, ರಕ್ತಸ್ರಾವವೂ ಇಲ್ಲ.

"ಇದು ಮೈಗ್ರೇನ್, ಅರೆತಲೆನೋವು. ಕಣ್ಣಿಗೆ ಹಾಗಾದದ್ದೂ ಅದರಿಂದಲೇ," ಎಂದರು ಡಾಕ್ಟರಮ್ಮ. "ಒಬ್ಬರಿಗೆ ಒಗ್ಗಿದ ಔಷಧಿ ಇನ್ನೊಬ್ಬರಿಗೆ ಒಗ್ಗಲ್ಲ. ಕೆಲವರಿಗೆ ನೋವು ಬಂದಾಗ ರಕ್ತದಲ್ಲಿ ಒಂದು ಪ್ರೋಟೀನ್ ಏರುತ್ತೆ. ನಿಮ್ಮದು ಆ ಥರದ್ದಾ ಅಂತ ನೋಡೋಣ. ಇವತ್ತು ನೋವಿಲ್ಲ, ಹೋಲಿಸಿ ನೋಡೋಕೆ ಒಂದ್ಸಲ ರಕ್ತ ಕೊಡಿ. ಮತ್ತೆ ನೋವು ಬಂದ ಕೂಡಲೇ, ಮಾತ್ರೆ ತಗೊಳ್ದೆ ಬನ್ನಿ."

ಬೇಡವೆಂದು ಬೇಡಿಕೊಳ್ಳುತ್ತಿದ್ದ ಪೀಡೆಗಾಗಿ ಈಗ ಬಾಗಿಲು ತೆರೆದು ಕಾಯಬೇಕು! ಅಂಗಡಿಯಲ್ಲಿ ಕತ್ತಿ ಮುಟ್ಟಲಿಲ್ಲ, ಬರೀ ಕತ್ತರಿ ಆಡಿಸಿದ. ಬಿಸಿಲು ಕನ್ನಡಿಗೆ ಬಡಿದರೂ ಬೆಚ್ಚಿಬೀಳುತ್ತಿದ್ದ.

ಹನ್ನೊಂದನೆಯ ದಿನ ಮಧ್ಯಾಹ್ನ ಅದು ಬಂತು. ಹೆಂಡತಿ ಕೈಹಿಡಿದು ಆಸ್ಪತ್ರೆಗೆ ನಡೆಸಿದಳು. ಸೂಜಿ ಚುಚ್ಚುವಾಗ ಅವನು ಅವಳ ಮುಂಗೈ ಬಿಗಿಹಿಡಿದು ತೊದಲಿದ:

"ಅಪ್ಪ ತಲೆ ಸಿಡೀತಿದೆ ಅಂತ ಕೂತೋರು ಮತ್ತೆ ಏಳ್ಲಿಲ್ಲ ಕಣೇ. ನಂಗೂ ಹಂಗೇ ಆಗುತ್ತೆ."

"ಇಷ್ಟು ವರ್ಷ ಇದನ್ನ ಒಳಗೇ ಇಟ್ಕೊಂಡಿದ್ರಾ?" ಎಂದಳು ಅವಳು. ಕೈ ಬಿಡಿಸಿಕೊಳ್ಳಲಿಲ್ಲ.

ವಾರದ ಮೇಲೆ ಡಾಕ್ಟರಮ್ಮ ವರದಿ ತೋರಿಸಿದರು. ನೋವಿನ ದಿನ ಪ್ರೋಟೀನ್ ನಿಜಕ್ಕೂ ಏರಿತ್ತು. "ಅದನ್ನ ತಡೆಯೋ ಇಂಜೆಕ್ಷನ್ ಇದೆ. ನಿಮಗೆ ಒಗ್ಗಬಹುದು ಅನ್ಸುತ್ತೆ. ಆದ್ರೆ ಈ ಪರೀಕ್ಷೆನ ಪೂರ್ತಿ ನಂಬೋ ಹಾಗಿಲ್ಲ, ಖಂಡಿತ ಅಂತ ಮಾತು ಕೊಡಲಾರೆ."

ಅವನು ಒಪ್ಪಿದ. ಮೂರು ತಿಂಗಳು ಕಳೆಯುವಷ್ಟರಲ್ಲಿ, ತಿಂಗಳಿಗೆ ಐದಾರು ಸಲ ಬರುತ್ತಿದ್ದ ನೋವು ಎರಡಕ್ಕಿಳಿಯಿತು. ಭಯ ಮಾತ್ರ ಅಷ್ಟು ಬೇಗ ಇಳಿಯಲಿಲ್ಲ. ಈಗಲೂ ಬೆಳಿಗ್ಗೆ ಗೋಡೆಯ ಕ್ಯಾಲೆಂಡರಿನ ಮುಂದೆ ನಿಂತು ಒಂದರಿಂದ ಮೂವತ್ತರವರೆಗೆ ಓದುತ್ತಾನೆ. ಒಂದು ಅಂಕಿಯೂ ತಪ್ಪದೆ ಕಂಡರೆ ಮಾತ್ರ ಅಂಗಡಿಗೆ ಹೊರಡಲು ಚಪ್ಪಲಿ ಮೆಟ್ಟುತ್ತಾನೆ.